ಅಕ್ಕಿ, ಹಕ್ಕಿ ಮತ್ತು ಒಂದು ಸಾಲಿನ ಕಮಾಂಡು

ನಮ್ಮ ಕಸುಬಿನಲ್ಲಿ ಒಂದು ಸಾಲಿನ ಮಂತ್ರಗಳು ಬೇಕಾದಷ್ಟಿವೆ. ಅದರಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಹುಡುಕಿಕೊಂಡು ಹೋಗುವ ಮಂತ್ರ ಇದು: ಫೋಲ್ಡರಿನಲ್ಲಿ ನೂರಾರು ಫೈಲುಗಳಿವೆ, ಎಲ್ಲದರಲ್ಲೂ ಇರುವ ಒಂದು ಪದ ತೆಗೆದು ಇನ್ನೊಂದು ಹಾಕಬೇಕು. ಒಂದೊಂದೇ ಫೈಲು ತೆರೆದು, ಹುಡುಕಿ, ತಿದ್ದಿ, ಸೇವ್ ಮಾಡಿ ಮುಚ್ಚುತ್ತಾ ಕೂತರೆ ಸಂಜೆಯಾಗುತ್ತೆ. ಲಿನಕ್ಸಿನ ಕಪ್ಪು ಪರದೆ ಮುಂದೆ ಕೂತವರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಗ್ರೆಪ್ ಅನ್ನೋ ಕಮಾಂಡು ಹುಡುಕಿ ಕೊಡುತ್ತೆ, ಸೆಡ್ ಅನ್ನೋದು ಬದಲಾಯಿಸುತ್ತೆ.

ಸೆಡ್‌ಗೆ ಹೇಳುವ ರೀತಿ ಬಹಳ ಸರಳ. ಎಸ್, ಒಂದು ಓರೆಗೆರೆ, ಹಳೇ ಪದ, ಓರೆಗೆರೆ, ಹೊಸ ಪದ, ಓರೆಗೆರೆ, ಕೊನೆಗೆ ಜಿ. ಎಸ್ ಅಂದರೆ ಬದಲಿಸು. ಜಿ ಅಂದರೆ ಸಾಲಿನಲ್ಲಿ ಎಷ್ಟು ಸಲ ಬಂದಿದ್ದರೂ ಅಷ್ಟನ್ನೂ. ಸುಮ್ಮನೆ ಹೀಗೆ ಕೊಟ್ಟರೆ ತಿದ್ದಿದ್ದನ್ನು ಪರದೆ ಮೇಲೆ ತೋರಿಸುತ್ತೆ ಅಷ್ಟೇ, ಫೈಲನ್ನು ಮುಟ್ಟಲ್ಲ. 'ಮೈನಸ್ ಐ' ಅಂತ ಸೇರಿಸಿದರೆ ಫೈಲಿನೊಳಗೇ ತಿದ್ದಿಬಿಡುತ್ತೆ. ಆ ಸಣ್ಣ 'ಐ' ಇದೆಯಲ್ಲ, ಈ ಬರಹ ಅದರ ಬಗ್ಗೆ.

ಆಫೀಸಿನಲ್ಲಿ ಇದನ್ನು ವಾರಕ್ಕೊಂದು ಸಲವಾದರೂ ಮಾಡ್ತೀನಿ. ಸರ್ವರಿನ ಹೆಸರು ಬದಲಾಯಿತು, ಯಾವುದೋ ಫಂಕ್ಷನ್ನಿನ ಹೆಸರು ಬದಲಾಯಿತು, ಓಡಿಸು. ಅಲ್ಲಿ ಯಾರಿಗೂ ಏನೂ ಬೇಜಾರಾಗಲ್ಲ. ಈ ವರ್ಷ ಅದೇ ಕೆಲಸ ಮನೆಯಿಂದ ಬಂತು, ಅದೂ ಕನ್ನಡದಲ್ಲಿ.

ಅಪ್ಪ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದು ರಿಟೈರ್ ಆದವರು. ನಮ್ಮೂರು ಮಂಡ್ಯದ ಕಡೆ. ರಿಟೈರ್ ಆದ ಮೇಲೆ ಅವರು ಹಿಡಿದ ಕೆಲಸ ಅಂದರೆ ಅಜ್ಜಿಯ ಬಾಯಿಂದ ಬಂದದ್ದನ್ನೆಲ್ಲ ಬರೆದಿಡೋದು. ಗಾದೆ, ಮನೆಮದ್ದು, ಊರಿನ ಹಳೇ ಜಗಳ, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಎಲ್ಲ. ಸಂಜೆ ಅಜ್ಜಿ ಹತ್ತಿರ ಕೂತು ಚೀಟಿಯಲ್ಲಿ ಗುರುತು ಮಾಡಿಕೊಳ್ಳೋರು, ರಾತ್ರಿ ಅದನ್ನು ಟೈಪ್ ಮಾಡೋರು. ಒಂದು ಸಂಗತಿಗೆ ಒಂದು ಫೈಲು. ಹೋದ ವರ್ಷ ಅಜ್ಜಿ ತೀರಿಕೊಂಡಾಗ ಅಂಥವು 412 ಇದ್ದವು. ವರ್ಷ ತುಂಬುವ ಹೊತ್ತಿಗೆ ಪುಸ್ತಕ ಮಾಡಿ ನೆಂಟರಿಗೆ ಹಂಚಬೇಕು ಅನ್ನೋದು ಅಪ್ಪನ ಆಸೆ.

ಮಂಡ್ಯ, ಮೈಸೂರು ಕಡೆಯ ಹಳ್ಳಿ ಮಾತು ಕೇಳಿದವರಿಗೆ ಗೊತ್ತು, ಅಲ್ಲಿ ಹಕಾರ ಬಿದ್ದು ಹೋಗುತ್ತೆ. ಹಾಲು ಆಲು, ಹೋಗು ಓಗು, ಹಣ್ಣು ಅಣ್ಣು. ಅಜ್ಜಿ ಜೀವಮಾನದಲ್ಲಿ ಒಂದು 'ಹ' ಹೇಳಿದ್ದು ನನಗೆ ನೆನಪಿಲ್ಲ. ಅಪ್ಪ ಬರೆಯುವಾಗ ಅವರು ಆಡಿದ ಹಾಗೇ ಬರೆದಿದ್ದರು. ಈಗ ಅಚ್ಚಿಗೆ ಹೋಗುವ ಹೊತ್ತಿಗೆ ಮನಸ್ಸು ಬದಲಾಯಿತು.

"ಏನವ್ವಾ, ಕಂಪ್ಯೂಟರಲ್ಲಿ ಎಲ್ಲಾ ಫೈಲೂ ಒಂದೇ ಸಲಕ್ಕೆ ತಿದ್ದಕ್ಕಾಯ್ತದೆ ಅಂತಿದ್ದೆಯಲ್ಲ? ಹಕಾರ ಎಲ್ಲಾ ಸರಿ ಮಾಡ್ಬುಡು."

"ಯಾಕಪ್ಪಾ, ನೀವೇ ಹಂಗೆ ಬರ್ಕೊಂಡಿದ್ದಲ್ವಾ?"

"ಬರ್ಕೊಂಡಿದ್ದು ನನಗೆ. ಅಚ್ಚಾಗೋದು ನಾಲ್ಕು ಜನಕ್ಕೆ. ಮೇಷ್ಟ್ರ ಅವ್ವನಿಗೇ ಹ ಬರ್ತಿರ್ಲಿಲ್ಲ ಅಂತ ನಗ್ತಾರೆ ಕಣವ್ವ."

ಇದು ಸಣ್ಣ ಮಾತಲ್ಲ. ಮೂವತ್ತು ಚಿಲ್ಲರೆ ವರ್ಷ ಮಕ್ಕಳ ನಾಲಿಗೆಯಲ್ಲಿ 'ಅ'ಕಾರ ತಿದ್ದಿ 'ಹ'ಕಾರ ಕೂರಿಸಿದ ಮನುಷ್ಯ. ಪೇಟೆಯ ಕಾಲೇಜಿಗೆ ಹೋದಾಗ ಅವರ ಮಾತಿಗೂ ಜನ ನಕ್ಕಿದ್ದಿರಬೇಕು. ಅದನ್ನು ಅವರು ಬಾಯಿಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ.

ಸರಿ, ಫೈಲುಗಳನ್ನು ಲ್ಯಾಪ್‌ಟಾಪಿಗೆ ತಂದುಕೊಂಡೆ. ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳ್ತೀನಿ. ನಿಮ್ಮಲ್ಲೂ ಹಳೇ ಬರಹಗಳ ರಾಶಿ ಇರುತ್ತೆ, ಉಪಯೋಗಕ್ಕೆ ಬರಬಹುದು.

ಮೊದಲ ಕೆಲಸ ನಕಲು. ಅದೂ ತಾರೀಕು ಕೆಡದ ಹಾಗೆ, ಅಂದರೆ ಸಿಪಿ ಕಮಾಂಡಿಗೆ 'ಮೈನಸ್ ಪಿ' ಹಾಕಿ. ಯಾಕೆಂದರೆ 'ಮೈನಸ್ ಐ' ಹಾಕಿದ ಸೆಡ್, ಫೈಲಿನಲ್ಲಿ ತಿದ್ದುವಂಥದ್ದು ಏನೂ ಇಲ್ಲದಿದ್ದರೂ ಅದನ್ನು ಹೊಸದಾಗಿ ಬರೆಯುತ್ತೆ. ಒಂದು ತಾತ್ಕಾಲಿಕ ಫೈಲು ಮಾಡಿ, ಅದನ್ನು ಹಳೇ ಹೆಸರಿಗೆ ತಂದು ಕೂರಿಸುತ್ತೆ. ಎಲ್ಲ ಫೈಲಿನ ತಾರೀಕೂ ಇವತ್ತಿನದಾಗಿಬಿಡುತ್ತೆ. ಅಜ್ಜಿ ಯಾವ ದಿನ ಏನು ಹೇಳಿದರು ಅನ್ನೋದಕ್ಕೆ ಅಪ್ಪನ ಹತ್ತಿರ ಇದ್ದ ಗುರುತು ಫೈಲಿನ ತಾರೀಕು ಮಾತ್ರ. ನಕಲಾದ ಮೇಲೆ ಇಡೀ ಫೋಲ್ಡರನ್ನು ಗಿಟ್‌ಗೆ ಹಾಕಿದೆ, ಯಾವ ತಿದ್ದುಪಡಿಯನ್ನಾದರೂ ವಾಪಸ್ ತರೋಕೆ. ಗಿಟ್ ಹೀಗೆ ತಾರೀಕು ನೆನಪಿಡಲ್ಲ, ಆದ್ದರಿಂದ ಎರಡೂ ಬೇಕು. ಇನ್ನೊಂದು, ಗಿಟ್ ತನ್ನ ಲೆಕ್ಕಪತ್ರ ಇಡುವ ಅಡಗು ಫೋಲ್ಡರಿನೊಳಗೆ ಸೆಡ್ ಹೋಗದ ಹಾಗೆ ನೋಡಿಕೊಳ್ಳಬೇಕು, ಹೋದರೆ ಆ ಲೆಕ್ಕವೇ ಕೆಡುತ್ತೆ.

ಎರಡನೇದು ಫೈಲುಗಳ ಹೆಸರು. ಅಪ್ಪ ಹೆಸರಿಟ್ಟಿರೋದು 'ಅವ್ವನ ಗಾದೆ 37' ಅಂತ, ನಡುವೆ ಜಾಗ ಬಿಟ್ಟು. ಫೈಂಡ್ ಕಮಾಂಡು ಕೊಡುವ ಪಟ್ಟಿಯನ್ನು ಎಕ್ಸ್‌ಆರ್ಗ್ಸ್ ಮೂಲಕ ಸೆಡ್‌ಗೆ ದಾಟಿಸಿದರೆ ಅದು 'ಅವ್ವನ', 'ಗಾದೆ', '37' ಅಂತ ಮೂರು ಫೈಲು ಅಂದುಕೊಳ್ಳುತ್ತೆ. ಇದಕ್ಕೆ ಮದ್ದು, ಫೈಂಡ್‌ಗೆ 'ಪ್ರಿಂಟ್ ಝೀರೋ', ಎಕ್ಸ್‌ಆರ್ಗ್ಸ್‌ಗೆ 'ಮೈನಸ್ ಸೊನ್ನೆ'. ಆಗ ಹೆಸರುಗಳ ನಡುವೆ ಯಾವ ಫೈಲಿನ ಹೆಸರಲ್ಲೂ ಬರಲಾಗದ ಒಂದು ಸೊನ್ನೆ ಬೈಟ್ ಕೂರುತ್ತೆ, ಗೊಂದಲ ಇರಲ್ಲ. ಮ್ಯಾಕ್ ಇಟ್ಟುಕೊಂಡವರಿಗೆ ಒಂದು ಮಾತು: ಅಲ್ಲಿನ ಸೆಡ್‌ನಲ್ಲಿ 'ಮೈನಸ್ ಐ' ಆದ ಮೇಲೆ ಬ್ಯಾಕಪ್ಪಿನ ಬಾಲ ಏನು ಅಂತ ಹೇಳಲೇಬೇಕು, ಬೇಡದಿದ್ದರೆ ಖಾಲಿ ಉದ್ಧರಣ ಚಿಹ್ನೆ ಕೊಡಬೇಕು.

ಮೂರನೇದು ಕನ್ನಡದ್ದೇ ತಲೆನೋವು. ಮೊದಲ ನೂರು ಚಿಲ್ಲರೆ ಫೈಲುಗಳು ಹಳೇ ಫಾಂಟಿನಲ್ಲಿದ್ದು ಆಮೇಲೆ ಯೂನಿಕೋಡಿಗೆ ಬಂದವು. ಅವುಗಳಲ್ಲಿ ಕೆಲವು ಕಡೆ 'ಓ'ತ್ವದ ಚಿಹ್ನೆ ಒಂದೇ ಅಕ್ಷರವಾಗಿ ಇಲ್ಲ, ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡಾಗಿ ಇತ್ತು. ಕಣ್ಣಿಗೆ ಎರಡೂ ಒಂದೇ. ಗ್ರೆಪ್ ನೋಡೋದು ಬೈಟುಗಳನ್ನು, ಅದಕ್ಕೆ ಎರಡೂ ಬೇರೆ ಬೇರೆ ಪದ. 'ತೋಟ' ಅಂತ ಹುಡುಕಿದರೆ ಅರ್ಧ ತೋಟ ಸಿಗುತ್ತೆ, ಅರ್ಧ ಸಿಗಲ್ಲ! ಯೂಕಾನ್ವ್ ಅನ್ನೋ ಕಮಾಂಡಿನಲ್ಲಿ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡೆ.

ಆಮೇಲೆ ಸೊನ್ನೆ. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತೋದು ನಮ್ಮ ಜನರ ಹಳೇ ಅಭ್ಯಾಸ. 'ಬೆಂಗಳೂರು' ಮತ್ತು 'ಬೆ೦ಗಳೂರು', ವ್ಯತ್ಯಾಸ ಕಾಣ್ತಾ? ಎರಡನೇದರಲ್ಲಿ ಇರೋದು ಅಂಕಿ. ಹಾಗಂತ ಎಲ್ಲಾ ಸೊನ್ನೆಯನ್ನೂ ಅನುಸ್ವಾರ ಮಾಡಿದರೆ '೧೦೦ ರೂಪಾಯಿ' ಹಾಳಾಗುತ್ತೆ. ಅಕ್ಷರ ಅಥವಾ ಗುಣಿತದ ಚಿಹ್ನೆ ಆದ ತಕ್ಷಣ ಬಂದ ಸೊನ್ನೆ ಅನುಸ್ವಾರ, ಅಂಕಿಯ ಪಕ್ಕ ಬಂದದ್ದು ಅಂಕಿ ಅಂತ ನಿಯಮ ಬರೆದರೆ ಆಯಿತು. ಮೊದಲು 'ಮೈನಸ್ ಐ' ಇಲ್ಲದೆ ಓಡಿಸಿ, ಹಳೇದಕ್ಕೂ ಹೊಸದಕ್ಕೂ ಡಿಫ್ ತೆಗೆದು ನೋಡಿದೆ. ಸರಿಯಿತ್ತು, ಓಡಿಸಿದೆ. ಇದರಲ್ಲಿ ಅಪ್ಪನದಾಗಲಿ ಅಜ್ಜಿಯದಾಗಲಿ ಏನೂ ಬದಲಾಗಲಿಲ್ಲ, ಕೀಲಿಮಣೆಯ ಕೊಳೆ ಹೋಯಿತು ಅಷ್ಟೇ.

ಈಗ ಹಕಾರಕ್ಕೆ ಬಂದೆ.

ಕನ್ನಡ ಇಲ್ಲಿ ಒಂದು ಅನುಕೂಲ ಮಾಡಿಕೊಟ್ಟಿದೆ. 'ಅ', 'ಆ'ಗಳಂಥ ಪೂರ್ಣ ಸ್ವರಾಕ್ಷರ ಸಾಮಾನ್ಯವಾಗಿ ಪದದ ಶುರುವಿನಲ್ಲೇ ಬರುತ್ತೆ, ನಡುವೆ ಬಂದರೆ ಗುಣಿತವಾಗಿಬಿಡುತ್ತೆ. ಹಾಗಾಗಿ 'ಆಲು' ಅಂತ ಹುಡುಕಿದರೆ 'ಸಾಲು', 'ಕಾಲು' ಸಿಕ್ಕಿಹಾಕಿಕೊಳ್ಳಲ್ಲ. ಎಡಗಡೆ ಬೇಲಿ ತಾನಾಗೇ ಇದೆ. ತೊಂದರೆ ಬಲಗಡೆ. 'ಆಲು'ವನ್ನು 'ಹಾಲು' ಮಾಡಿದರೆ ಆಲುಗಡ್ಡೆ ಹಾಲುಗಡ್ಡೆ ಆಗುತ್ತೆ. ಆಲಿಗೆ, ಆಲಿನ ಅಂತ ವಿಭಕ್ತಿ ಹಚ್ಚಿಕೊಂಡವನ್ನೂ ಹಿಡಿಯೋಣ ಅಂತ ಹೋದರೆ 'ಆಲಿಸು' ಬಂದು 'ಹಾಲಿಸು' ಆಗುತ್ತೆ :)

ಪದದ ಕೊನೆ ಹೇಳೋಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಒಂದು ಗುರುತಿದೆ, ಹಿಂದಕ್ಕೆ ವಾಲಿದ ಓರೆಗೆರೆ ಬಿ ಅಂತ. ಇಂಗ್ಲಿಷಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಕನ್ನಡಕ್ಕೆ ಉಪಕರಣ ನೋಡಿಕೊಂಡು ನಂಬಬೇಕು. ಪೈಥಾನಿನ ಜೊತೆ ಬರುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಮಾಡ್ಯೂಲಿಗೆ ಗುಣಿತದ ಚಿಹ್ನೆ ಅಕ್ಷರವೇ ಅಲ್ಲ. 'ಅಕ್ಕಿ'ಯನ್ನು ಪದ ಬಿಡಿಸು ಅಂದರೆ 'ಅಕ' ಒಂದು ಪದ, 'ಕ' ಇನ್ನೊಂದು ಪದ ಅನ್ನುತ್ತೆ. ಪರ್ಲ್ ಈ ವಿಷಯದಲ್ಲಿ ಮರ್ಯಾದಸ್ಥ, ಯೂನಿಕೋಡ್ ಅಂತ ಹೇಳಿದರೆ ಗುಣಿತವನ್ನೂ ಪದದ ಭಾಗ ಅಂತಲೇ ಎಣಿಸುತ್ತೆ.

ಇವೆಲ್ಲ ಹೇಗೋ ಸಂಭಾಳಿಸಬಹುದು. ಆದರೆ 'ಅಕ್ಕಿ'?

ಅಜ್ಜಿಯ ಬಾಯಲ್ಲಿ ಅಕ್ಕಿಯೂ ಅಕ್ಕಿ, ಹಕ್ಕಿಯೂ ಅಕ್ಕಿ. ಹಾಡೂ ಆಡು, ಸೊಪ್ಪು ಮೇಯುವ ಆಡೂ ಆಡು. ಹಗ್ಗವೂ ಅಗ್ಗ, ಕಡಿಮೆ ಬೆಲೆಯೂ ಅಗ್ಗ. ಮನೆ ಮೇಲಿನ ಹಂಚೂ ಅಂಚು, ಸೀರೆಯ ಅಂಚೂ ಅಂಚು. ಕಮಾಂಡು ಓಡಿಸಿದರೆ ಹಕ್ಕಿ ಅನ್ನಕ್ಕೆ ಬೇಯುತ್ತೆ, ಸೀರೆಗೆ ಜರಿಯ ಹಂಚು ಬರುತ್ತೆ, 'ಹಾಡು ಮುಟ್ಟದ ಸೊಪ್ಪಿಲ್ಲ' ಅಂತ ಹೊಸ ಗಾದೆ ಹುಟ್ಟುತ್ತೆ!

ಇಂಥದ್ದು ದೊಡ್ಡ ದೊಡ್ಡವರಲ್ಲೂ ಆಗಿದೆ. 2000ದ ಶುರುವಿನ ವರ್ಷಗಳಲ್ಲಿ ಯಾಹೂ ಮೇಲ್‌ನವರು ಕೆಟ್ಟ ಸ್ಕ್ರಿಪ್ಟುಗಳನ್ನು ತಡೆಯೋಕೆ ಅಂತ ಮೇಲ್‌ಗಳಲ್ಲಿ 'ಇವಾಲ್' ಅನ್ನೋ ನಾಲ್ಕಕ್ಷರ ಕಂಡರೆ 'ರಿವ್ಯೂ' ಅಂತ ಬದಲಾಯಿಸುತ್ತಿದ್ದರು. 'ಮೀಡಿಯಿವಲ್', ಅಂದರೆ ಮಧ್ಯಯುಗದ ಅನ್ನೋ ಪದದ ಹೊಟ್ಟೆಯಲ್ಲಿ ಆ ನಾಲ್ಕಕ್ಷರ ಇದೆ. ಜನರ ಮೇಲ್‌ಗಳಲ್ಲಿ 'ಮೀಡಿರಿವ್ಯೂ' ಅನ್ನೋ ಇಲ್ಲದ ಪದ ಹುಟ್ಟಿತು. 2002ರಲ್ಲಿ ಈ ಸಂಗತಿ ಬಯಲಾಗುವ ಹೊತ್ತಿಗೆ ಆ ಪದ ಎಷ್ಟೋ ಪುಟಗಳಿಗೆ ಹೋಗಿ ಕೂತಿತ್ತು.

ಅದಾದರೂ ನೋಡಿದರೆ ತಪ್ಪು ಅಂತ ಗೊತ್ತಾಗುತ್ತೆ. ನನ್ನ ಸಮಸ್ಯೆ ಅದಕ್ಕಿಂತ ಕೆಟ್ಟದು. ಅಪ್ಪ ಪ್ರತಿ ಫೈಲಿನ ತಲೆಬರಹ, ಟಿಪ್ಪಣಿಗಳನ್ನು ಮೇಷ್ಟ್ರ ಕನ್ನಡದಲ್ಲೇ ಬರೆದಿದ್ದಾರೆ. ಅಲ್ಲಿ ಹಕ್ಕಿ ಹಕ್ಕಿಯಾಗೇ ಇದೆ. ಈಗ ಎಲ್ಲಾ 'ಅಕ್ಕಿ'ಯನ್ನೂ 'ಹಕ್ಕಿ' ಮಾಡಿ, ತಪ್ಪಾಯಿತು ಅಂತ ಉಲ್ಟಾ ಓಡಿಸಿದರೆ ಅಪ್ಪನ ಹಕ್ಕಿಗಳೂ ಅಕ್ಕಿಯಾಗುತ್ತವೆ. ಉಲ್ಟಾ ಓಡಿಸಿದರೆ ಹಳೇದು ವಾಪಸ್ ಬರುತ್ತೆ ಅನ್ನೋದು ಭ್ರಮೆ. ಎರಡು ಬೇರೆ ಸಂಗತಿಗಳು ಒಮ್ಮೆ ಒಂದೇ ಪದವಾಗಿ ಕಲೆತರೆ, ಯಾವುದು ಯಾವುದಾಗಿತ್ತು ಅಂತ ಆ ಫೈಲೇ ಹೇಳಲಾರದು. ನಕಲು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಉಪಕರಣಗಳ ಹುಟ್ಟಿನ ಕಥೆಯಲ್ಲೂ ಇದೇ ವಿಷಯ ಇದೆ ಅನ್ನೋದು ತಮಾಷೆ. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಲೀ ಮ್ಯಾಕ್‌ಮಹನ್ ಅನ್ನೋರು 'ಫೆಡರಲಿಸ್ಟ್ ಪೇಪರ್ಸ್' ಅನ್ನೋ ಬರಹಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಬೇಕು ಅಂತಿದ್ದರು. ಅವತ್ತಿನ ಎಡಿಟರ್ ಆಗಿದ್ದ ಈಡಿಗೆ ಅಷ್ಟು ದೊಡ್ಡ ಬರಹ ಹಿಡಿಸುತ್ತಿರಲಿಲ್ಲ. ಈಡಿಯಲ್ಲಿದ್ದ ಹುಡುಕುವ ಭಾಗವನ್ನಷ್ಟೇ ಕೆನ್ ಥಾಂಪ್ಸನ್ ಕಿತ್ತು ಬೇರೆ ಕಮಾಂಡು ಮಾಡಿಕೊಟ್ಟರು, ಅದೇ ಗ್ರೆಪ್. ಒಂದೇ ರಾತ್ರಿಯ ಕೆಲಸ ಅಂತ ಅವರ ಜೊತೆಗಿದ್ದ ಬ್ರಯನ್ ಕರ್ನಿಘನ್ ಹೇಳುತ್ತಾರೆ. ಅದೇ 1973-74ರ ಸುಮಾರಿಗೆ ಮ್ಯಾಕ್‌ಮಹನ್ ಸೆಡ್ ಬರೆದರು. ಇನ್ನೊಂದು ಸಂಗತಿ, ಇವತ್ತು ನಾವು ಕನ್ನಡ ಉಳಿಸಿಡುವ ಯುಟಿಎಫ್-8 ಅನ್ನು 1992ರಲ್ಲಿ ರಾಬ್ ಪೈಕ್ ಜೊತೆ ಸೇರಿ ಮಾಡಿದ್ದೂ ಇದೇ ಥಾಂಪ್ಸನ್. ಅದರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟು. ಒಂದು ಅಕ್ಷರದ ಬೈಟುಗಳು ಇನ್ನೊಂದರ ನಡುವೆ ಶುರುವಾಗದ ಹಾಗೆ ಅದನ್ನು ಕಟ್ಟಿದ್ದಾರೆ, ಅದಕ್ಕೇ ಕನ್ನಡದ ಗಂಧವೇ ಇಲ್ಲದ ಹಳೇ ಸೆಡ್ ಕೂಡ ಒಂದು ಕನ್ನಡ ಪದವನ್ನು ಇನ್ನೊಂದಕ್ಕೆ ಸರಿಯಾಗೇ ಬದಲಾಯಿಸುತ್ತೆ.

ಫೆಡರಲಿಸ್ಟ್ ಪೇಪರ್ಸ್ ಅಂದರೆ 1787-88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಅನ್ನೋ ಮೂವರು ಒಂದೇ ಗುಪ್ತನಾಮದಲ್ಲಿ ಬರೆದ 85 ಪ್ರಬಂಧಗಳು. ಅದರಲ್ಲಿ ಹನ್ನೆರಡನ್ನು ಹ್ಯಾಮಿಲ್ಟನ್ ಬರೆದರೋ ಮ್ಯಾಡಿಸನ್ ಬರೆದರೋ ಅಂತ ಬಹಳ ಕಾಲ ಜಗಳವಿತ್ತು. 1964ರಲ್ಲಿ ಮಾಸ್ಟೆಲರ್, ವ್ಯಾಲೇಸ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಸಣ್ಣ ಸಣ್ಣ ಪದ ಎಣಿಸಿ ಅವು ಮ್ಯಾಡಿಸನ್‌ದು ಅನ್ನೋ ತೀರ್ಮಾನಕ್ಕೆ ಬಂದರು. ಒಂದೇ ಅರ್ಥಕ್ಕೆ ಹ್ಯಾಮಿಲ್ಟನ್ 'ವೈಲ್' ಅನ್ನುತ್ತಿದ್ದರು, ಮ್ಯಾಡಿಸನ್ 'ವೈಲ್ಸ್ಟ್' ಅನ್ನುತ್ತಿದ್ದರು. ಯೋಚನೆ ಮಾಡಿ, ಯಾರೋ ಒಬ್ಬ ಶಿಸ್ತಿನ ಮನುಷ್ಯ ನಡುವೆ ಬಂದು, ಎಲ್ಲಾ ಕಡೆ ಒಂದೇ ಥರ ಇರಲಿ ಅಂತ 'ವೈಲ್ಸ್ಟ್'ಗಳನ್ನೆಲ್ಲ 'ವೈಲ್' ಮಾಡಿಟ್ಟಿದ್ದರೆ? ಅರ್ಥ ಒಂದು ಕೂದಲೂ ಕೊಂಕುತ್ತಿರಲಿಲ್ಲ. ಮಾತಾಡಿದವನ ಗುರುತು ಅಷ್ಟರಮಟ್ಟಿಗೆ ಅಳಿಸಿ ಹೋಗುತ್ತಿತ್ತು.

ಅಪ್ಪನಿಗೆ ಇದೆಲ್ಲ ಉಪನ್ಯಾಸ ಕೊಡಲಿಲ್ಲ. ಒಂದೇ ಒಂದು ಕೆಲಸ ಮಾಡಿದೆ. 'ಅಕ್ಕಿ' ಇರುವ ಸಾಲುಗಳನ್ನೆಲ್ಲ ಗ್ರೆಪ್‌ನಿಂದ ತೆಗೆದೆ, ಫೈಲಿನ ಹೆಸರು, ಸಾಲಿನ ನಂಬರು, ಹಿಂದೊಂದು ಮುಂದೊಂದು ಸಾಲು ಸಮೇತ. 186 ಬಂದವು. ಪ್ರಿಂಟ್ ತೆಗೆದು ಕೈಗಿಟ್ಟೆ.

"ಅಪ್ಪಾ, ಯಾವುದು ಅಕ್ಕಿ ಯಾವುದು ಹಕ್ಕಿ ಅಂತ ಟಿಕ್ ಹಾಕಿ ಕೊಡಿ. ಕಂಪ್ಯೂಟರಿಗೆ ಗೊತ್ತಾಗಲ್ಲ."

ಉತ್ತರ ಪತ್ರಿಕೆ ತಿದ್ದೋ ಹಾಗೆ ಕೆಂಪು ಪೆನ್ನು ಹಿಡಿದು ಕೂತರು. ಮೊದಲ ದಿನ ಬೇಗ ಬೇಗ ಸಾಗಿತು. ಎರಡನೇ ದಿನ ನಿಧಾನವಾಯಿತು, ಯಾಕೆಂದರೆ ಓದೋಕೆ ಶುರು ಮಾಡಿದ್ದರು. ಪಕ್ಕದ ರೂಮಿನಿಂದ ಅವರು ಒಬ್ಬರೇ ನಗೋದು ಕೇಳಿಸ್ತಿತ್ತು. ಮೂರನೇ ದಿನ ಒಂದು ಹಾಳೆ ತಂದು ನನ್ನ ಮುಂದಿಟ್ಟರು. ಅಜ್ಜಿ ತಮ್ಮ ಮದುವೆಯಾದ ಮರುದಿನ ನೆನೆಸಿಕೊಂಡು ಹೇಳಿದ್ದು. ಗಂಡನ ಮನೆಯ ಮೊದಲ ಬೆಳಗು. "ಬೆಳಿಗ್ಗೆ ಎದ್ ನೋಡುದ್ರೆ ಅಂಗ್ಳದ್ ತುಂಬಾ ಅಕ್ಕಿ."

"ಇದು ಯಾವುದಪ್ಪಾ?"

"ಅದೇ ಗೊತ್ತಾಯ್ತಿಲ್ಲ ಕಣವ್ವ. ಮದುವೆ ಮನೆ, ಮೂಟೆಗಟ್ಟಲೆ ಅಕ್ಕಿ ಕ್ಲೀನು ಮಾಡಿರ್ತಾರೆ, ಚೆಲ್ಲಿದ್ರೂ ಚೆಲ್ಲಿರಬಹುದು. ಚೆಲ್ಲಿದ್ದು ತಿನ್ನಕ್ಕೆ ಹಕ್ಕಿ ಬಂದಿದ್ರೂ ಬಂದಿರಬಹುದು. ಅವತ್ತು ನನಗೆ ಅರ್ಥ ಆಗಿತ್ತು ಅನ್ಸುತ್ತೆ, ಅದಕ್ಕೇ ಕೇಳಿಲ್ಲ. ಈಗ ಕೇಳೋಣ ಅಂದ್ರೆ..."

ಮುಂದೆ ಮಾತಾಡಲಿಲ್ಲ. ಆ ಸಾಲಿಗೆ ಟಿಕ್ಕೂ ಹಾಕಲಿಲ್ಲ.

ಮಾರನೇ ದಿನ ಅವರೇ ಶುರು ಮಾಡಿದರು. ಬಿ.ಎ.ದಲ್ಲಿ ಓದಿದ್ದು ನೆನಪಾಗಿತ್ತು. ಹಳಗನ್ನಡದಲ್ಲಿ ಹಕಾರ ಎಲ್ಲಿತ್ತು? 10ನೇ ಶತಮಾನದ ಪಂಪನ ಕಾಲಕ್ಕೆ ಅದು ಪಾಲ್, ಪಣ್, ಪಕ್ಕಿ. ಆಮೇಲಿನ ಶತಮಾನಗಳಲ್ಲಿ ಪಕಾರ ಜಾರಿ ಹಕಾರವಾಯಿತು, ಹಾಲು, ಹಣ್ಣು, ಹಕ್ಕಿ ಆದವು. ನಮ್ಮೂರ ಕಡೆ ಆ ಹಕಾರವೂ ಜಾರಿತು. "ಪಕ್ಕಿ ಹಕ್ಕಿ ಆಗಿದ್ದು ವ್ಯಾಕರಣ, ಹಕ್ಕಿ ಅಕ್ಕಿ ಆಗಿದ್ದು ತಪ್ಪು ಅಂತ ಮಕ್ಕಳಿಗೆ ಹೊಡೆದು ಹೇಳಿಕೊಟ್ಟೆ ನೋಡು" ಅಂದರು. ನಗ್ತಾನೇ ಅಂದರು. ನನಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ಕೊನೆಗೆ ಆದ ತೀರ್ಮಾನ ಇದು. ಕಥೆ, ಗಾದೆ, ಜಗಳ ಯಾವುದನ್ನೂ ಮುಟ್ಟೋದಿಲ್ಲ, ಅಜ್ಜಿ ಆಡಿದ ಹಾಗೇ ಅಚ್ಚಾಗುತ್ತೆ. ಮನೆಮದ್ದಿನ ಫೋಲ್ಡರಿಗೆ ಮಾತ್ರ ಬೇರೆ ನಿಯಮ. ಅಲ್ಲಿ 'ಅರಳೆಣ್ಣೆ' ಅಂತ ಓದಿದ ಪೇಟೆ ಮಕ್ಕಳು ಹರಳೆಣ್ಣೆ ಬಿಟ್ಟು ಇನ್ನೇನೋ ಬಳಸಿದರೆ ಕಷ್ಟ. ಹಾಗಂತ ಅಲ್ಲೂ ಹಳೇದನ್ನು ತೆಗೆಯಲಿಲ್ಲ. ಸೆಡ್‌ನಲ್ಲಿ ಒಂದು ಒಳ್ಳೇ ಅನುಕೂಲ ಇದೆ: ಹೊಸ ಪದದ ಜಾಗದಲ್ಲಿ ಆಂಪರ್ಸ್ಯಾಂಡ್ ಚಿಹ್ನೆ ಹಾಕಿದರೆ, ಸಿಕ್ಕ ಹಳೇ ಪದವೇ ಅಲ್ಲಿ ಬಂದು ಕೂರುತ್ತೆ. ಆಂಪರ್ಸ್ಯಾಂಡ್ ಹಾಕಿ, ಪಕ್ಕದಲ್ಲಿ ಆವರಣದೊಳಗೆ 'ಹರಳೆಣ್ಣೆ' ಅಂತ ಕೊಟ್ಟೆ. ಈಗ ಎಲ್ಲ ಕಡೆ 'ಅರಳೆಣ್ಣೆ (ಹರಳೆಣ್ಣೆ)' ಅಂತ ಇದೆ. ಉದ್ದ ಪದವಾದ್ದರಿಂದ ಬೇರೆ ಯಾವುದೂ ಸಿಕ್ಕಿಹಾಕಿಕೊಳ್ಳಲಿಲ್ಲ. ಒಂದೇ ಎಚ್ಚರ, ಇದನ್ನು ಎರಡು ಸಲ ಓಡಿಸಿದರೆ ಆವರಣವೂ ಎರಡು ಸಲ ಸೇರುತ್ತೆ.

ನೆಂಟರಲ್ಲಿ ಯಾರಾದರೂ ನಗಬಹುದು. ನಗಲಿ ಬಿಡು ಅಂತ ಅಪ್ಪ ಬಾಯಲ್ಲಿ ಅಂತಾರೆ, ಮುನ್ನುಡಿಯಲ್ಲಿ ಮಾತ್ರ ಪಕಾರ ಹಕಾರದ ಬಗ್ಗೆ ಎರಡು ಪುಟ ಬರೆದಿದ್ದಾರೆ. ಅದು ಅವರ ರಕ್ಷಣೆ. ನಾನು ತಡೆಯೋಕೆ ಹೋಗಲಿಲ್ಲ.

ನಿಮ್ಮ ಹತ್ತಿರವೂ ಮನೆಯ ಹಿರಿಯರ ಮಾತು, ಕಾಗದ, ಡೈರಿ ಟೈಪ್ ಮಾಡಿಟ್ಟಿದ್ದರೆ, ಶುದ್ಧ ಮಾಡುವ ಮೊದಲು ಒಂದು ಸಲ ಬರೀ ಗ್ರೆಪ್ ಓಡಿಸಿ, ಸಿಕ್ಕ ಸಾಲುಗಳನ್ನು ಪೂರ್ತಿ ಓದಿ. ಓದಿದ ಮೇಲೂ ತಿದ್ದಬೇಕು ಅನ್ನಿಸಿದರೆ ನಕಲು ಇಟ್ಟುಕೊಂಡು ತಿದ್ದಿ. ನಿಮ್ಮ ಕಡೆಯ ಮಾತಿನಲ್ಲೂ ಇಂಥ ಅಕ್ಕಿ-ಹಕ್ಕಿ ಜೋಡಿಗಳು ಇರುತ್ತವಲ್ಲ, ಗೊತ್ತಿದ್ದರೆ ಹೇಳಿ. ಅಪ್ಪ ಪಟ್ಟಿ ಮಾಡ್ತಿದ್ದಾರೆ.